ಗ್ರಾಮ ಏಳರ ಒಲೆಗಳು

ಊರಿನ ನಿಜವಾದ ಹೆಸರನ್ನು ಬರೆಯುವಂತಿಲ್ಲ. ಸಂಶೋಧನೆಯ ನೀತಿ ಹಾಗಿದೆ. ನಮ್ಮ ಕಾಗದಪತ್ರಗಳಲ್ಲಿ ಅದು 'ಗ್ರಾಮ ೭'. ರಾಮದುರ್ಗ ತಾಲೂಕಿನ ಸಾಲಹಳ್ಳಿಯಿಂದ ಒಂದು ಹರದಾರಿ ನಡೆದರೆ ಸಿಗುತ್ತದೆ. ತಮ್ಮ ಊರು ಏಳನೆಯದು ಎಂದು ತಿಳಿದಾಗ ಊರಬಾಗಿಲ ಅಗಸಿ ಕಟ್ಟೆಯ ಮೇಲಿನ ಹಿರಿಯರು, ಮೊದಲಿನ ಆರು ಊರು ಯಾವುವು, ಅವು ಯಾವುದರಲ್ಲಿ ತಮಗಿಂತ ಮುಂದು ಎಂದು ನನ್ನನ್ನು ಅರ್ಧ ತಾಸು ವಿಚಾರಿಸಿದರು. ಅದೊಂದು ಬರೀ ಸಂಖ್ಯೆ ಎಂದು ಎಷ್ಟು ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ.

ನಾನು ಬೈಲಹೊಂಗಲದವನು. ಓದಿದ್ದು ರಸಾಯನಶಾಸ್ತ್ರ, ಎಂ.ಎಸ್ಸಿ. ಎರಡು ವರ್ಷ ಕಾಲೇಜುಗಳಿಗೆ ಅರ್ಜಿ ಹಾಕಿ ಸೋತ ಮೇಲೆ, ೧೯೯೬ರ ನವೆಂಬರಿನಲ್ಲಿ ಧಾರವಾಡದ ಒಂದು ಸಂಶೋಧನಾ ಸಂಸ್ಥೆಗೆ ಕ್ಷೇತ್ರ ತನಿಖೆಗಾರನಾಗಿ ಸೇರಿದೆ. ಬೈಲಹೊಂಗಲ, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ ಹತ್ತು ಊರು, ಕಿತ್ತೂರಿನ ಕಡೆ ಎರಡು. ಅಲ್ಲಿಯ ಕುಟುಂಬಗಳು ಹೇಗೆ ದುಡಿಯುತ್ತವೆ, ಹೇಗೆ ಬದುಕುತ್ತವೆ ಎಂದು ಬರೆದುಕೊಳ್ಳುವ ಕೆಲಸ. ಹನ್ನೆರಡು ದಿನದ ತರಬೇತಿ ಕೊಟ್ಟರು. ನನ್ನ ಜೊತೆಗಿದ್ದ ಸಮಾಜಶಾಸ್ತ್ರದವರು ಹಿಂದಿನ ಬೆಂಚಿನಲ್ಲಿ ತೂಕಡಿಸುವಾಗ ನಾನು ಮುಂದೆ ಕುಳಿತು ಕೈಪಿಡಿಯ ಪ್ರತಿ ಪುಟಕ್ಕೂ ಗೆರೆ ಎಳೆದೆ. ಪ್ರಯೋಗಶಾಲೆಯಲ್ಲಿ ಬ್ಯುರೆಟ್ಟಿನ ಗಾಜುಕೊಳವೆಯಿಂದ ಬೀಳುವ ಕೊನೆಯ ಹನಿಯವರೆಗೆ ಕಣ್ಣು ಮಿಟುಕಿಸದೆ ನಿಲ್ಲಲು ಕಲಿತವನಿಗೆ ಹಳ್ಳಿಯ ಸಂಸಾರಗಳನ್ನು ಎಣಿಸುವುದು ಯಾವ ಲೆಕ್ಕ ಎಂಬ ಧಿಮಾಕು ಬೇರೆ.

ಕೈಪಿಡಿಯಲ್ಲಿ ನನಗೆ ಬಹಳ ಹಿಡಿಸಿದ ಸಾಲು ಒಂದೇ: 'ಒಂದೇ ಒಲೆಯ ಅಡುಗೆಯನ್ನು ಕೂಡಿ ಉಣ್ಣುವವರು ಒಂದು ಕುಟುಂಬ.' ಎಂಥ ಸ್ವಚ್ಛವಾದ ಸೂತ್ರ! ರಕ್ತಸಂಬಂಧ, ಆಸ್ತಿ, ಜಗಳ, ಪ್ರೀತಿ ಎಲ್ಲವನ್ನೂ ಪಕ್ಕಕ್ಕಿಟ್ಟು ಒಲೆಯೊಂದನ್ನು ಹಿಡಿದರೆ ಸಾಕು. ಒಲೆ ಸುಳ್ಳು ಹೇಳುವುದಿಲ್ಲ ಎಂದು ಅದರ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದುಕೊಂಡೆ. ಆ ಕೈಪಿಡಿ ಈಗಲೂ ನನ್ನ ಬಳಿ ಇದೆ. ಆ ಪುಟವನ್ನು ಮಾತ್ರ ತೆರೆಯುವುದಿಲ್ಲ.

ಗ್ರಾಮ ಏಳರಲ್ಲಿ ನನಗೆ ಪಂಚಾಯತಿಯ ಹಳೆಯ ಕೋಣೆಯಲ್ಲಿ ಇಳಿಯಲು ವ್ಯವಸ್ಥೆಯಾಯಿತು. ಊಟ ರಾಚವ್ವನ ಹತ್ತಿರ.

ರಾಚವ್ವನಿಗೆ ಐವತ್ತರ ಆಸುಪಾಸು. ಗಂಡ ತೀರಿ ಎಂಟು ವರ್ಷ. ಮೈದುನ ಮಡಿವಾಳೆಪ್ಪನ ಮನೆಯ ಹಿತ್ತಲಿಗೆ ಹೊಂದಿದ ಒಂದು ಕೋಣೆ ಅವಳದು. ಅಲ್ಲಿ ಬೆಳಗಿನ ನಾಲ್ಕಕ್ಕೆ ಒಲೆ ಹೊತ್ತಿದರೆ ಒಂಬತ್ತರವರೆಗೆ ರೊಟ್ಟಿ ಬಡಿಯುವ ಸಪ್ಪಳ. ಏಳರ ಬಸ್ಸಿಗೆ ಒಂದು ಬುಟ್ಟಿ ರಾಮದುರ್ಗದ ಖಾನಾವಳಿಗೆ ಹೋಗಬೇಕು. ಉಳಿದದ್ದು ಊರಿನ ಮದುವೆ, ಮುಂಜಿ, ಬೀಗರೂಟಕ್ಕೆ. ಜೊತೆಗೆ ತಿಂಗಳ ಲೆಕ್ಕದಲ್ಲಿ ಉಣ್ಣುವ ನನ್ನಂಥ ಒಬ್ಬಿಬ್ಬರು ವರ್ತಿಯವರು. ತವೆಯ ಮೇಲೆ ರೊಟ್ಟಿ ಉಬ್ಬುವಾಗಲೇ ಅವಳಿಗೆ ಮಾತು ಬರುತ್ತಿತ್ತು.

"ತಮ್ಮಾ, ಇಷ್ಟೆಲ್ಲಾ ಓದಿ ಮಂದಿ ಮನ್ಯಾಗ ಎಷ್ಟ ಎಮ್ಮಿ ಅದಾವು ಅಂತ ಕೇಳಾಕ ಬಂದೀಯಲ್ಲ, ನಿಮ್ಮವ್ವಗ ಗೊತ್ತೈತಿ?"

"ಗೊತ್ತೈತಿ ಅವ್ವಾರ."

"ಏನಂದ್ಳು?"

"ಏನೂ ಅನ್ಲಿಲ್ಲ. ಅತ್ಲು."

ಅವಳು ನಕ್ಕು ಇನ್ನೊಂದು ರೊಟ್ಟಿ ಹಾಕುತ್ತಿದ್ದಳು. ಆದರೆ ಅವಳ ಮನಸ್ಸಿನಲ್ಲಿ ಒಂದು ಚಿಂತೆ ಕೂತಿತ್ತು, ಅದನ್ನು ಬಂದ ವಾರದಲ್ಲೇ ನನಗೆ ಹೇಳಿದ್ದಳು. ಮಡಿವಾಳೆಪ್ಪನ ಮಗ ಸಚಿನನ ಮದುವೆ ಮೇ ತಿಂಗಳಲ್ಲಿ. ಮನೆಯಲ್ಲಿ ಇರುವುದು ಎರಡೇ ಅಂಕಣ. ಹೊಸ ಜೋಡಿಗೆ ರಾಚವ್ವನ ಕೋಣೆ ಬಿಡಬೇಕು. ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ. ಮಡಿವಾಳೆಪ್ಪ ಒಳ್ಳೆಯ ಮನುಷ್ಯ, ಕೋಣೆಯ ಕಡೆ ನೋಡಿದಾಗಲೆಲ್ಲ ಕೆಮ್ಮುತ್ತಿದ್ದ, ಅಷ್ಟೇ. ಅವಳನ್ನು ಪಡಸಾಲೆಗೆ ಕರೆದುಕೊಳ್ಳಲು ಅವರು ತಯಾರಿದ್ದರು. ಆದರೆ ಪಡಸಾಲೆಯಲ್ಲಿ ಇಷ್ಟು ದೊಡ್ಡ ಒಲೆ ಹೂಡಲು ಆಗುವುದಿಲ್ಲ. ಒಲೆ ಇಲ್ಲದಿದ್ದರೆ ಖಾನಾವಳಿಯ ವರ್ತಿ ಹೋಗುತ್ತದೆ.

"ವರ್ತಿ ಹೋತಂದ್ರ ನಾ ನೆಗೆಣ್ಣಿ ಕೈಯಾಗಿನ ತುತ್ತ ತಿನ್ನಾಕಿ ಆಕ್ಕೇನಿ. ಆಕಿ ಚೊಲೋ ಹಾಕತಾಳ, ಇಲ್ಲನ್ನಂಗಿಲ್ಲ. ಆದ್ರ ಹಾಕಬೇಕಾಕ್ಕೈತಿ ನೋಡು, ಅದು," ಎಂದಿದ್ದಳು. ಪಂಚಾಯತಿಯವರು ಊರ ಹೊರಗೆ ಮನೆ ಇಲ್ಲದ ಕುಟುಂಬಗಳಿಗೆ ಆರು ನಿವೇಶನ ಕೊಡುವವರಿದ್ದರು. ಅದರಲ್ಲಿ ಒಂದರ ಮೇಲೆ ಅವಳ ಕಣ್ಣು.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದ್ದನ್ನು ಈಗ ಹೇಳುತ್ತೇನೆ.

ನನ್ನ ಮೊದಲ ಕೆಲಸ ಊರಿನ ಎಲ್ಲ ಕುಟುಂಬಗಳ ಪಟ್ಟಿ. ಡಿಸೆಂಬರಿನಲ್ಲಿ ಮನೆಮನೆಗೆ ಹೋದರೆ ಅರ್ಧಕ್ಕರ್ಧ ಬೀಗ. ಕೀಲಿ ಹಾಕಿದ ಮನೆಗಳನ್ನು ಬಿಟ್ಟು ಎಣಿಸಿದರೆ ಫಲಿತಾಂಶ ಒಂದು ಕಡೆಗೆ ವಾಲುತ್ತದೆ ಎಂದು ತರಬೇತಿಯಲ್ಲಿ ಕಲಿತಿದ್ದೆ. ಎಲ್ಲರೂ ಸಿಗುವಂಥ ಒಂದು ದಿನ ಬೇಕಾಗಿತ್ತು. ಯೋಚಿಸಿ, ಕ್ಯಾಲೆಂಡರ್ ನೋಡಿ, ನನ್ನ ಬುದ್ಧಿಗೆ ನಾನೇ ತಲೆದೂಗಿ ಆ ದಿನವನ್ನು ಕಂಡುಹಿಡಿದೆ. ಜನವರಿಯ ಎರಡನೆಯ ವಾರದ ಎಳ್ಳಮವಾಸ್ಯೆ. ಅಂದು ಇಡೀ ಊರು ಹೊಲದಲ್ಲಿರುತ್ತದೆ. ಬಿಳಿಜೋಳ ಎದೆಯೆತ್ತರ ನಿಂತಿರುತ್ತದೆ. ಅಡುಗೆಯ ತುತ್ತನ್ನು ಬೆಳೆಯ ನಡುವೆ ಚರಗವೆಂದು ಚೆಲ್ಲಿ, ಭೂಮಿತಾಯಿಗೆ ಎಡೆ ಹಿಡಿದು, ಮರದ ನೆರಳಿನಲ್ಲಿ ಎಲ್ಲರೂ ಕೂಡಿ ಉಣ್ಣುತ್ತಾರೆ. ಕೂಡಿ ಉಣ್ಣುತ್ತಾರೆ! ಕೈಪಿಡಿಯ ಸೂತ್ರವೇ ಬಯಲಿನಲ್ಲಿ ಕಂಬಳಿ ಹಾಸಿಕೊಂಡು ಕೂತ ಹಾಗೆ.

ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗೆ ಬಾಡಿಗೆ ಸೈಕಲ್ಲಿನ ಮೇಲೆ ಹೊಲದಿಂದ ಹೊಲಕ್ಕೆ ತಿರುಗಿದೆ. ಒಂದೊಂದು ಕಂಬಳಿಗೆ ಒಂದೊಂದು ನಮೂನೆ ತುಂಬಿದೆ. ಹೊಲವಿಲ್ಲದವರನ್ನು ಹೊಲವಿದ್ದವರು ಆ ದಿನ ಕರೆದೊಯ್ಯುತ್ತಾರೆ, ಬೇರೆಯಾದ ಅಣ್ಣತಮ್ಮಂದಿರು ಆ ದಿನ ಒಂದೇ ಮರದಡಿ ಕೂಡುತ್ತಾರೆ, ದಾರಿಯಲ್ಲಿ ಹೋಗುವವನನ್ನೂ ಕೂಗಿ ಕೂರಿಸಿಕೊಳ್ಳುತ್ತಾರೆ. ಇದು ಬೈಲಹೊಂಗಲದಲ್ಲಿ ಹುಟ್ಟಿದ ನನಗೆ ಗೊತ್ತಿರದ ಸಂಗತಿಯೇನಲ್ಲ. ಸಣ್ಣವನಿದ್ದಾಗ ನಾನೂ ಹಾಗೆ ಪರರ ಹೊಲದಲ್ಲಿ ಉಂಡವನೇ. ಆದರೆ ತನಿಖೆಗಾರ ತನ್ನ ಸ್ವಂತ ತಿಳಿವಳಿಕೆಯಿಂದ ಏನನ್ನೂ ತುಂಬಬಾರದು, ಕಂಡದ್ದನ್ನು ಮತ್ತು ಕೇಳಿದ್ದನ್ನು ಮಾತ್ರ ಬರೆಯಬೇಕು ಎಂದು ಕೈಪಿಡಿಯ ಒಂಬತ್ತನೆಯ ಪುಟದಲ್ಲಿತ್ತು.

ಮಡಿವಾಳೆಪ್ಪನ ಹೊಲಕ್ಕೆ ಹೋದಾಗ ಎರಡು ಗಂಟೆ. ಹತ್ತು ಹನ್ನೆರಡು ಜನ ಕೂತಿದ್ದರು.

"ಬರ್ರಿ ಸರ, ಕುಂತ್ರಿ. ಮೊದಲ ಉಣ್ರಿ, ಆಮ್ಯಾಲೆ ಬರಕೋರಿ," ಎಂದ ಮಡಿವಾಳೆಪ್ಪ.

"ಇಲ್ಲೆ ಕುಂತು ಉಣ್ಣಾಕ ಹತ್ತಿದವ್ರೆಲ್ಲಾ ಒಂದ ಮನ್ಯಾವ್ರೇನ್ರಿ?"

"ಹಬ್ಬದ ದಿನಾ ಎಂಥಾ ಮಾತ ಕೇಳ್ತೀರಿ? ಇವತ್ತ ಈ ಕಂಬಳಿ ಮ್ಯಾಲೆ ಕುಂತವ್ರೆಲ್ಲಾ ನಮ್ಮ ಮನ್ಯಾವ್ರ."

'ಹೌದು' ಎಂದು ಬರೆದೆ. ಒಬ್ಬೊಬ್ಬರ ಹೆಸರು, ವಯಸ್ಸು, ಕೆಲಸ ಕೇಳುತ್ತ ಬಂದೆ. ರಾಚವ್ವ ಸಜ್ಜಿ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟುಕೊಂಡು ಮಡಿವಾಳೆಪ್ಪನ ಹೆಂಡತಿ, ತನ್ನ ನೆಗೆಣ್ಣಿ ಸಿದ್ದಲಿಂಗವ್ವನ ಪಕ್ಕದಲ್ಲಿ ಕೂತಿದ್ದಳು.

"ಅವ್ವಾರ, ನೀವು ಏನ್ ಕೆಲಸಾ ಮಾಡ್ತೀರಿ?"

ಅವಳು ನನ್ನನ್ನೇ ನೋಡಿದಳು. ಅಂದು ಬೆಳಿಗ್ಗೆಯೂ ಅವಳ ಕೈಯಿಂದಲೇ ಚಹಾ ಕುಡಿದು ಹೊರಟಿದ್ದೆ. "ಏನ್ ಕೆಲಸಾ? ಇವತ್ತ ಅಮಾಸಿ. ಎತ್ತಿಗೂ ಸೂಟಿ, ನನಗೂ ಸೂಟಿ. ಕುಂತ ಉಣ್ಣೂದು, ಅಷ್ಟ."

ಸುತ್ತಲಿನವರು ನಕ್ಕರು. 'ಕೆಲಸ: ಇಲ್ಲ. ಅವಲಂಬಿತೆ,' ಎಂದು ನಾನು ದುಂಡಗಿನ ಅಕ್ಷರದಲ್ಲಿ ಬರೆದೆ. ಬರೆದ ಮೇಲೆ ಅವಳು ಕೊಟ್ಟ ರೊಟ್ಟಿ ತಿಂದೆ. ಮೂವತ್ತೈದು ದಿನದಿಂದ ಆ ಹೆಂಗಸಿನ ಒಲೆಯ ಮುಂದೆ ಕೂತು, ಆ ಒಲೆಯ ರೊಟ್ಟಿ ತಿಂದು, ಆಕೆಗೆ ಒಲೆಯೂ ಇಲ್ಲ, ಕಸುಬೂ ಇಲ್ಲ ಎಂದು ದಾಖಲಿಸಿದ ಮನುಷ್ಯ ಈ ಮೂರು ತಾಲೂಕು ಸೀಮೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಲೆಕ್ಕ ಮುಗಿದಾಗ ನಲವತ್ತೊಂದು ಕುಟುಂಬ, ಮುನ್ನೂರ ಎಂಬತ್ತಾರು ಜನ. ಸರಾಸರಿ ಒಂದು ಕುಟುಂಬಕ್ಕೆ ಒಂಬತ್ತು ಬಿಂದು ನಾಲ್ಕು. ಉಳಿದ ಹನ್ನೊಂದು ಊರುಗಳಲ್ಲಿ ಐದೂ ಚಿಲ್ಲರೆ ಬಂದಿತ್ತು. ಇಷ್ಟು ಅಂತರ ಕಂಡಾಗ ರಸಾಯನಶಾಸ್ತ್ರದವನು ಮೊದಲು ತನ್ನ ಗಾಜಿನ ಪಾತ್ರೆ ತೊಳೆದಿದ್ದನೋ ಇಲ್ಲವೋ ನೋಡಬೇಕು. ನಾನು ನೋಡಲಿಲ್ಲ. ಏನೋ ಹೊಸದನ್ನು ಕಂಡುಹಿಡಿದೆ ಎಂದುಕೊಂಡೆ.

ಧಾರವಾಡದಲ್ಲಿ ಯೋಜನೆಯ ಮುಖ್ಯಸ್ಥೆ ರಾಜೇಶ್ವರಿ ಮೇಡಂ. ಮಿತಭಾಷಿ, ಕೆಂಪು ಮಸಿಯಲ್ಲಿ ಬಹಳ ಬರೆಯುವವರು. ಅವರ ಪತ್ರ ಬಂತು: 'ನಿಮ್ಮ ಅಂಕಿಗಳು ಅಚ್ಚರಿ ಹುಟ್ಟಿಸುತ್ತವೆ. ಕೂಡುಕುಟುಂಬ ಒಡೆಯುತ್ತಿದೆ ಎಂಬ ಎಲ್ಲರ ಅಭಿಪ್ರಾಯಕ್ಕೆ ಇದು ವಿರುದ್ಧವಾಗಿದೆ. ಏಪ್ರಿಲ್ ವಿಚಾರಸಂಕಿರಣದಲ್ಲಿ ನೀವೇ ಮಂಡಿಸಿ.' ಇಪ್ಪತ್ತೆರಡು ಪುಟದ ಪ್ರಬಂಧ ಬರೆದೆ. ಒಣಬೇಸಾಯದ ಅನಿಶ್ಚಿತತೆಯೇ ಜನರನ್ನು ಒಟ್ಟಿಗೆ ಹಿಡಿದಿಟ್ಟಿದೆ ಎಂದು ಕಾರಣವನ್ನೂ ಕೊಟ್ಟೆ. ಕಾರಣಗಳಿಗೆ ಎಂದೂ ಕೊರತೆ ಇರುವುದಿಲ್ಲ.

ಅದೇ ದಿನಗಳಲ್ಲಿ ಪಂಚಾಯತಿ ಕಾರ್ಯದರ್ಶಿ ಮಲಕಾಜಪ್ಪ ನನ್ನ ಕೋಣೆಗೆ ಬಂದ. ಮೇಜಿನ ಮೇಲಿನ ಪಟ್ಟಿಯನ್ನು ಕೈಗೆತ್ತಿಕೊಂಡು ಮೂಗಿನ ತುದಿಗೆ ಹಿಡಿದ.

"ಏನ್ ಅಕ್ಷರಾರೀ ಇವು! ಅಚ್ಚ ಹಾಕ್ಸಿದ್ಹಂಗ ಅದಾವ. ನಮ್ಮ ಯಾದಿ ಒಳಗ ಸತ್ತವ್ರೂ ಅದಾರ, ಹುಟ್ಟಲಾರದವ್ರೂ ಅದಾರ. ಇದರದೊಂದು ನಕಲ ಕೊಡ್ರಿ ಸಾಹೇಬ್ರ, ಪುಣ್ಯಾ ಬರ್ತೈತಿ."

ಮಾಹಿತಿ ಗೌಪ್ಯ ಎಂದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ಆದರೆ ನನ್ನ ಅಕ್ಷರವನ್ನು ಹೊಗಳಿದವರು ಅದುವರೆಗೆ ಯಾರೂ ಇರಲಿಲ್ಲ. ಬರೀ ಹೆಸರು, ಕಸುಬುಗಳ ಪಟ್ಟಿಯಲ್ಲಿ ಗೌಪ್ಯವೇನಿದೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡು ಕಾರ್ಬನ್ ಪ್ರತಿ ಕೊಟ್ಟೆ. ಅವನು ಅದನ್ನು ಯಾತಕ್ಕೆ ಕೇಳಿದ ಎಂದು ಕೇಳುವುದನ್ನೂ ಮರೆತೆ. ಮರುದಿನ ಮನೋಳಿಗೆ ಹೋದೆ. ಅಲ್ಲಿ ಸಹೋದ್ಯೋಗಿಯೊಬ್ಬ ಜ್ವರ ಬಂದು ಮಲಗಿದ್ದ, ಅವನ ಕೆಲಸ ಮುಗಿಸಿಕೊಟ್ಟು ಮರಳುವಷ್ಟರಲ್ಲಿ ಹತ್ತು ದಿನ.

ಮಾರ್ಚ್ ತಿಂಗಳ ಆ ಬೆಳಿಗ್ಗೆ ಬಸ್ಸಿಳಿದಾಗ ರಾಚವ್ವ ರೊಟ್ಟಿ ಬುಟ್ಟಿಯನ್ನು ಬಸ್ಸಿಗೆ ಏರಿಸಲು ನಿಂತಿದ್ದಳು. ಬುಟ್ಟಿ ಏರಿಸಿದಳು. ಕಂಡಕ್ಟರಿಗೆ ಹುಷಾರು ಎಂದಳು. ಬಸ್ಸು ಧೂಳೆಬ್ಬಿಸಿ ಹೋದ ಮೇಲೆ ನನ್ನ ಕಡೆ ತಿರುಗಿದಳು.

"ಬರ್ರಿ ಸಾಹೇಬ್ರ."

ಅವಳು ನನಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಯಾಕ ಅವ್ವಾರ, ಆರಾಮಿಲ್ಲೇನ್ರಿ?"

"ನಾ ಆರಾಮ ಅದೇನಿ. ನನ್ನ ಒಲಿ ಎಲ್ಲಿ ಹೋತು ಅಂತ ಹುಡಕಾಕ ಹತ್ತೇನಿ. ನೀವೇನರೆ ನೋಡೀರೇನು?"

ಗ್ರಾಮಸಭೆ ನಡೆದಿತ್ತಂತೆ. ಮನೆ ಇಲ್ಲದ ಬೇರೆ ಕುಟುಂಬಗಳ ಹೆಸರುಗಳನ್ನು ಮಲಕಾಜಪ್ಪ ನಾನು ಕೊಟ್ಟ ಪಟ್ಟಿಯಿಂದ ಆರಿಸಿ ಓದಿದನಂತೆ. ಆರು ನಿವೇಶನ, ಆರೇ ಹೆಸರು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇಷ್ಟು ಚೊಕ್ಕ ಯಾದಿ ತನ್ನ ಸರ್ವಿಸಿನಲ್ಲೇ ನೋಡಿಲ್ಲ ಎಂದು ಅವನು ಹಿಗ್ಗಿದನಂತೆ. ರಾಚವ್ವ ಎದ್ದು ನಿಂತು ನನ್ನ ಹೆಸರೆಲ್ಲಿ ಎಂದರೆ, ನೀನು ಮಡಿವಾಳೆಪ್ಪನ ಕುಟುಂಬದಲ್ಲಿದ್ದೀ, ನಿನಗೆ ಕಸುಬಿಲ್ಲ, ಧಾರವಾಡದ ಎಮ್ಮೆಸ್ಸಿ ಮಾಡಿದವರು ಬರೆದಿದ್ದಾರೆ ಎಂದನಂತೆ.

"ಮಡಿವಾಳೆಪ್ಪ ಎದ್ದು ನಿಂತು, ನಮ್ಮ ವೈನಿ ಎಂಟ ವರ್ಷಾತು ಬ್ಯಾರೆ ಅದಾರ ಅಂತ ಚೀರಿದ. ಆತೇನು? 'ನೀನ ಇಡೀ ಯಾದಿ ಸುಳ್ಳಂತಿ, ಹಂಗಾರ ಈ ಆರು ಮಂದೀನೂ ಕಳೀಲೇನು?' ಅಂದ ಮಲಕಾಜಪ್ಪ. ಆ ಆರು ಮಂದಿ ನಮ್ಮ ಮಡಿವಾಳೆಪ್ಪನ್ನ ನುಂಗುವಂಗ ನೋಡಿದ್ರು. ಅಂವ ಕುಂತ." ಅವಳು ಸೆರಗಿನಿಂದ ಮುಖದ ಧೂಳು ಒರೆಸಿಕೊಂಡಳು. "ಬರೂ ಸೋಮವಾರ ಯಾದಿ ತಾಲೂಕಿಗೆ ಹೋಗ್ತೈತಿ. ಅದಾದ ಮ್ಯಾಲೆ ಮುಗೀತು. ನಾ ನಿಮಗ ಯಾವತ್ತರೆ ಹಳಸಿದ್ದ ಹಾಕೀನೇನು? ಕೆಟ್ಟದ್ದ ಆಡೀನೇನು?"

ನಾನು ಬಾಯಿ ತೆರೆದೆ. ಎಳ್ಳಮವಾಸ್ಯೆಯ ವಿಷಯ, ಬೀಗ ಹಾಕಿದ ಮನೆಗಳು, ವಾಲುವ ಫಲಿತಾಂಶ, ಕೈಪಿಡಿಯ ಒಂಬತ್ತನೆಯ ಪುಟ ಎಲ್ಲ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅಮಾಸಿ ದಿನಾ ಯಾರ್ ಯಾರ ಕೂಡ ಉಂಡ್ರು ಅಂತ ನೋಡಿ ಮನಿ ಎಣಿಸಿದಿ?"

"ಹೌದ್ರಿ."

"ಬಳಿಗಾರ ಬಂದಿದ್ದನಲ್ಲಾ, ಕಟಕೋಳದಂವ. ನಮ್ಮ ಕಂಬಳಿ ಮ್ಯಾಲ ಕುಂತಿದ್ದ. ಅವನ್ನ ಏನಂತ ಬರದಿ?"

ಚೀಲದಿಂದ ಪಟ್ಟಿ ತೆಗೆದು ನೋಡಿದೆ. ಕುಟುಂಬ ಇಪ್ಪತ್ಮೂರು, ಕ್ರಮಸಂಖ್ಯೆ ಹನ್ನೊಂದು. "ಕುಟುಂಬದ ಇತರ ಸದಸ್ಯ," ಎಂದು ಓದಿದೆ.

ರಾಚವ್ವ ಅಲ್ಲೇ ಮೈಲುಗಲ್ಲಿನ ಮೇಲೆ ಕೂತು ಬಿದ್ದು ಬಿದ್ದು ನಕ್ಕಳು. ನಕ್ಕು ನಕ್ಕು ಕಣ್ಣೀರು ಬಂತು. ಆಮೇಲೆ ಅದು ಯಾವ ಕಣ್ಣೀರು ಎಂದು ನನಗೆ ತಿಳಿಯಲಿಲ್ಲ, ಅವಳಿಗೂ ತಿಳಿದ ಹಾಗೆ ಕಾಣಲಿಲ್ಲ. ಆದರೆ ಮತ್ತೆ 'ನೀ' ಎಂದು ಶುರು ಮಾಡಿದ್ದರಿಂದ ನನಗೆ ಸ್ವಲ್ಪ ಜೀವ ಬಂತು.

ನನ್ನ ಮೊದಲ ಉಪಾಯ ಹೇಡಿಯದು. ಅದನ್ನು ಮುಚ್ಚಿಡುವುದಿಲ್ಲ. ರಾಚವ್ವನೊಬ್ಬಳನ್ನು ಬೇರೆ ಕುಟುಂಬ ಎಂದು ತಿದ್ದಿ ಮಲಕಾಜಪ್ಪನಿಗೆ ಒಂದು ಚೀಟಿ ಕೊಡುವುದು. ನಲವತ್ತೊಂದು ನಲವತ್ತೆರಡಾಗುತ್ತದೆ. ಸರಾಸರಿ ಒಂಬತ್ತು ಬಿಂದು ಎರಡಕ್ಕೆ ಇಳಿಯುತ್ತದೆ. ನನ್ನ ಪ್ರಬಂಧಕ್ಕೆ ಏನೂ ಆಗುವುದಿಲ್ಲ. ಆ ಹೊತ್ತಿಗೆ ಸಂಕಿರಣಕ್ಕೆಂದು ಹೊಸ ಅಂಗಿಯನ್ನೂ ಹೊಲಿಸಿದ್ದೆ. ಇದನ್ನು ಅವಳ ಒಲೆಯ ಮುಂದೆ ಕೂತು ಹೇಳಿದಾಗ ನೆಗೆಣ್ಣಿ ಸಿದ್ದಲಿಂಗವ್ವ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಇದಾತಂದ್ರ ಊರಾಗಿನ ಮಂದಿ ಏನಂತಾರ ಗೊತ್ತೈತಿ?" ಎಂದಳು ಸಿದ್ದಲಿಂಗವ್ವ. "ರೊಟ್ಟಿ ತಿನ್ನಿಸಿ ಸಾಹೇಬ್ರ ಕೈಲೆ ಬರಸ್ಕೊಂಡ್ಳು ಅಂತಾರ."

"ಅಂತಾರ ಅಲ್ಲ, ನಾನೂ ಅಂತಿದ್ದೆ," ಎಂದಳು ರಾಚವ್ವ. "ತಮ್ಮಾ, ನನ್ನೊಬ್ಬಾಕಿನ್ನ ಬರದ್ರ ಅದು ನಿನ್ನ ಉಪಕಾರ. ಎಲ್ಲಾರನ್ನೂ ಖರೇ ಬರದ್ರ ಅದು ನನ್ನ ಹಕ್ಕ. ಉಪಕಾರದ ಜಾಗಾದಾಗ ನಾ ಒಲಿ ಹೂಡಂಗಿಲ್ಲ."

"ಎಲ್ಲಾ ತಿರುಗಿ ಬರೀಬೇಕಂದ್ರ ಇಡೀ ಊರ ತಿರುಗಬೇಕ್ರಿ. ಸೋಮವಾರಕ್ಕ ಐದ ದಿನಾ ಉಳದಾವ. ಧಾರವಾಡಕ್ಕ ಹೋಗಿ ಮೇಡಂ ಸಹಿ ಬೇರೆ ತರಬೇಕು."

"ಹಂಗಾರ ಏಳು. ರೊಟ್ಟಿ ಆರತೈತಿ ಅಂತ ಕುಂದ್ರಬ್ಯಾಡ."

ಮೂರು ದಿನ ತಿರುಗಿದೆ. ಮುಂಜಾನೆ ಐದಕ್ಕೇ ಹೋದರೆ ಯಾವ ಮನೆಗೂ ಬೀಗ ಇರುವುದಿಲ್ಲ ಎಂಬುದು ಆಗ ಗೊತ್ತಾಯಿತು. ಡಿಸೆಂಬರಿನಲ್ಲಿ ಇದು ಹೊಳೆಯದ್ದಕ್ಕೆ ಕಾರಣ, ಆಗ ನಾನು ಏಳುತ್ತಿದ್ದುದೇ ಎಂಟಕ್ಕೆ. ಒಂಬತ್ತಾದ ಮೇಲೆ ರಾಚವ್ವ ಕೈ ತೊಳೆದು ಜೊತೆಗೆ ಬರುತ್ತಿದ್ದಳು. ಮೊದಲ ಮನೆಯಲ್ಲೇ ನನ್ನ ಪ್ರಶ್ನೆಗೆ ತಡೆ ಹಾಕಿದಳು.

"ಯಾರ್ ಕೂಡಿ ಉಣ್ತೀರಿ ಅಂತ ಕೇಳಬ್ಯಾಡೋ. ಕೂಡಿ ಉಣ್ಣೂದಿಲ್ಲ ಅಂತ ಯಾರರೆ ಬಾಯಿ ಬಿಟ್ಟು ಹೇಳ್ತಾರೇನು? ಹಿಟ್ಟ ಯಾರ ಡಬ್ಬಿಯಿಂದ ತಗೀತೀರಿ ಅಂತ ಕೇಳು."

ಕೇಳಿದೆ. ಒಂದೇ ಸೂರಿನ ಕೆಳಗೆ, ಒಂದೇ ಕುಟುಂಬವೆಂದು ನಾನು ಬರೆದಿದ್ದ ಮನೆಯಲ್ಲಿ ಮೂರು ಡಬ್ಬಿಗಳು, ಮೂರು ಕೀಲಿಕೈಗಳು ಹೊರಬಂದವು. ಒಬ್ಬ ಮುದುಕಿ ತನ್ನ ಡಬ್ಬಿಯನ್ನು ಹಾಸಿಗೆಯ ಸುರುಳಿಯೊಳಗಿಂದ ತೆಗೆದು ತೋರಿಸಿ, ಸೊಸೆಗೆ ಹೇಳಬೇಡ ಎಂದು ಕೈಸನ್ನೆ ಮಾಡಿದಳು. ಸೊಸೆ ಹಿಂದೆಯೇ ನಿಂತಿದ್ದಳು. ಇಪ್ಪತ್ತೆರಡು ಪುಟಗಳಲ್ಲಿ ನಾನು ವಿವರಿಸಿದ್ದ ಕೂಡುಕುಟುಂಬ ಒಂದೊಂದೇ ಡಬ್ಬಿಯಾಗಿ ಬಿಚ್ಚಿಕೊಳ್ಳುತ್ತ ಹೋಯಿತು. ಲೆಕ್ಕ ಮುಗಿದಾಗ ಎಪ್ಪತ್ನಾಲ್ಕು ಕುಟುಂಬ. ಬಳೆಗಾರನನ್ನು ಕಟಕೋಳಕ್ಕೆ ಕಳಿಸಿದ ಮೇಲೆ ಮುನ್ನೂರ ಎಂಬತ್ತೈದು ಜನ. ಸರಾಸರಿ ಐದು ಬಿಂದು ಎರಡು. ಉಳಿದ ಹನ್ನೊಂದು ಊರುಗಳ ಹಾಗೆಯೇ.

ಶನಿವಾರ ಧಾರವಾಡದಲ್ಲಿ ರಾಜೇಶ್ವರಿ ಮೇಡಂ ಎರಡೂ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಬಹಳ ಹೊತ್ತು ನೋಡಿದರು.

"ಎಳ್ಳಮವಾಸ್ಯಿ ದಿನಾನ ಯಾಕ ಹೋದ್ರಿ?"

"ಎಲ್ಲಾರೂ ಸಿಗತಾರಂತ, ಮೇಡಂ."

"ಸಿಕ್ರಲ್ಲ," ಎಂದರು. ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನಾನೂ ಅದ ಜಿಲ್ಲೇದಾಕಿ. ತಾರೀಖು ನಿಮ್ಮ ನಮೂನೆ ಮ್ಯಾಲೇನ ಇತ್ತು. ನಾನೂ ನೋಡ್ಲಿಲ್ಲ." ಪಂಚಾಯತಿಗೆ ಪಟ್ಟಿ ಕೊಟ್ಟದ್ದನ್ನು ಹೇಳಿದಾಗ ಮಾತ್ರ ಅವರ ದನಿ ಗಟ್ಟಿಯಾಯಿತು. ಅವರು ಆಡಿದ್ದು ನಾಲ್ಕೇ ಮಾತು, ಅವನ್ನು ಇಲ್ಲಿ ಬರೆಯುವುದಿಲ್ಲ. ಬೈದು ಮುಗಿಸಿ, ಹಿಂದಿನ ಪಟ್ಟಿ ತಪ್ಪು, ಅದನ್ನು ಯಾವುದಕ್ಕೂ ಬಳಸಬಾರದು ಎಂದು ಸಂಸ್ಥೆಯ ಕಾಗದದಲ್ಲಿ ಬೆರಳಚ್ಚು ಮಾಡಿಸಿ ಸಹಿ ಹಾಕಿದರು. ನನ್ನ ಪ್ರಬಂಧವನ್ನು ಸಂಕಿರಣದಿಂದ ತೆಗೆದರು. ಕೆಲಸ ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಕೈಪಿಡಿಯ ಮುಂದಿನ ಮುದ್ರಣದಲ್ಲಿ 'ಹಬ್ಬದ ದಿನಗಳಲ್ಲಿ ಕುಟುಂಬ ಪಟ್ಟಿ ಮಾಡಕೂಡದು' ಎಂಬ ಹೊಸ ಸಾಲು ಬಂತು. ಸಮಾಜವಿಜ್ಞಾನಕ್ಕೆ ನನ್ನ ಕೊಡುಗೆ ಇದುವರೆಗೆ ಅದೊಂದೇ.

ಸೋಮವಾರ ಮಲಕಾಜಪ್ಪ ಕಾಗದ ಓದಿ ತಲೆ ಕೆರೆದುಕೊಂಡ. ಹೊಸ ಲೆಕ್ಕದ ಪ್ರಕಾರ ಮನೆ ಇಲ್ಲದ ಬೇರೆ ಕುಟುಂಬಗಳು ಹದಿನೈದು. ನಿವೇಶನ ಆರೇ.

"ಒಬ್ಬಾಕಿ ಸಲುವಾಗಿ ಒಂಬತ್ತ ಮಂದೀನ ಎಬ್ಬಿಸಿಕೊಂಡು ಬಂದ್ರಲ್ರೀ ಸಾಹೇಬ್ರ. ಇನ್ನ ಚೀಟಿನ ಎತ್ತಬೇಕು."

ಹಾದಿಯಲ್ಲಿ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹದಿನೈದಕ್ಕೆ ಆರು, ಅಂದರೆ ನೂರಕ್ಕೆ ನಲವತ್ತು. ಸುಮ್ಮನೆ ಅವಳೊಬ್ಬಳನ್ನೇ ತಿದ್ದಿದ್ದರೆ ಏಳಕ್ಕೆ ಆರು. ನನ್ನ ಪ್ರಾಮಾಣಿಕತೆ ಅವಳ ಅವಕಾಶವನ್ನು ಅರ್ಧಕ್ಕಿಂತ ಕೆಳಗಿಳಿಸಿತ್ತು. ಇದನ್ನು ಅವಳಿಗೆ ಹೇಳಿದೆ. ಹೇಳದೆ ಇರಲು ನನಗೆ ಬರುವುದಿಲ್ಲ.

"ಗೊತ್ತೈತಿ. ನಾನೂ ಎಣಿಸೇನಿ," ಎಂದಳು.

ಅಂದು ಮಧ್ಯಾಹ್ನವೇ ಪಂಚಾಯತಿ ಕಟ್ಟೆಯ ಮೇಲೆ ಜನ ಸೇರಿದರು. ಮೊದಲಿನ ಆರು ಮಂದಿ ನನ್ನನ್ನು ನೋಡುತ್ತಿದ್ದ ರೀತಿಗೆ ನಾನು ಕಂಬದ ಹಿಂದೆ ಸರಿದೆ. ಮಲಕಾಜಪ್ಪ ಹದಿನೈದು ಚೀಟಿ ಬರೆದು ಮಡಿಚಿ ಹಿತ್ತಾಳೆ ತಂಬಿಗೆಯಲ್ಲಿ ಹಾಕಿ, ಯಾರ ಪಕ್ಷದವರೂ ಅಲ್ಲದವರು ಎತ್ತಬೇಕು ಎಂದು ನನ್ನನ್ನು ಕರೆದ. ಯಾದೃಚ್ಛಿಕ ಆಯ್ಕೆಯ ಬಗ್ಗೆ ತರಬೇತಿಯಲ್ಲಿ ನನಗೇ ಅತಿ ಹೆಚ್ಚು ಅಂಕ ಬಂದಿತ್ತು. ತಂಬಿಗೆಯನ್ನು ಏಳು ಸಲ ಅಲ್ಲಾಡಿಸಿದೆ. ಕಣ್ಣು ಮುಚ್ಚಿ ಒಂದು ಚೀಟಿ ಎತ್ತಿದೆ. ಬಿಚ್ಚಿ ಓದಿದೆ.

"ರಾಚವ್ವ."

ಜನರ ಹಿಂದಿನಿಂದ ಒಂದು ಗಂಡುದನಿ ಬಂತು. "ರೊಟ್ಟಿ ಗಟ್ಟಿ ಅದಾವಪಾ!" ಎಲ್ಲರೂ ನಕ್ಕರು. ಆ ನಗೆ ಚೆನ್ನಾಗಿರಲಿಲ್ಲ.

ರಾಚವ್ವ ಜನರ ನಡುವಿನಿಂದ ಎದ್ದು ಬಂದಳು. ನನ್ನ ಕೈಯಿಂದ ಚೀಟಿ ತೆಗೆದುಕೊಂಡಳು, ಮೊದಲಿನ ಹಾಗೆ ಮಡಿಚಿದಳು, ತಂಬಿಗೆಯೊಳಗೆ ಹಾಕಿದಳು.

"ವೈನಿ! ಏನ್ ಮಾಡಾಕ ಹತ್ತೀರಿ?" ಎಂದು ಮಡಿವಾಳೆಪ್ಪ ಕೂಗಿದ.

"ಇವನ ಕೈಲೆ ಬ್ಯಾಡ. ನನ್ನ ರೊಟ್ಟಿ ತಿಂದ ಕೈ ಇದು. ನಾ ಅಲ್ಲೆ ಮನಿ ಕಟ್ಟಿ ಕುಂತ ಮ್ಯಾಲೆ ದಿನಾ ಈ ಮಾತ ಕೇಳಾಕ ನನ್ನ ಕೈಲಾಗಂಗಿಲ್ಲ. ಈ ಮಾತ ಯಾರ್ ಅಂದ್ರಿ? ಮಲ್ಲೇಶಪ್ಪ, ನೀ ಹೌದಿಲ್ಲೋ? ನಿನ್ನ ಹೆಸರೂ ಇದರಾಗ ಐತಿ. ಬಾ, ನೀನ ಎತ್ತು."

ನಾನು ಅವಳ ಕಿವಿಯ ಬಳಿ ಪಿಸುಗುಟ್ಟಿದೆ. ಬಂದದ್ದು ಬಂದಿದೆ, ಇನ್ನೊಮ್ಮೆ ಎತ್ತಿದರೆ ಮತ್ತೆ ನೂರಕ್ಕೆ ನಲವತ್ತೇ, ಚೀಟಿಗೆ ಹಿಂದಿನದು ನೆನಪಿರುವುದಿಲ್ಲ.

"ಚೀಟಿಗೆ ನೆನಪಿರಂಗಿಲ್ಲೋ, ಮಂದಿಗೆ ಇರ್ತೈತಿ. ನೀ ಸುಮ್ಮ ಕುಂದ್ರು."

ಮ‌ಲ್ಲೇಶಪ್ಪ, ಮೊದಲ ಪಟ್ಟಿಯ ಆರು ಮಂದಿಯಲ್ಲಿ ಒಬ್ಬ, ನಾಚಿಕೊಳ್ಳುತ್ತಲೇ ಮುಂದೆ ಬಂದ. ಒಂದು, ಎರಡು, ಮೂರು ಚೀಟಿ ಹೊರಬಂದವು. ಮೂರನೆಯದು ಅವನದೇ. ಅವನು ಗಾಬರಿಯಾಗಿ ರಾಚವ್ವನ ಮುಖ ನೋಡಿದ. ಅವಳು ಮುಂದೆ ಎತ್ತು ಎಂದು ಗದ್ದ ಎತ್ತಿ ತೋರಿಸಿದಳು. ನಾಲ್ಕನೆಯದು ಬೇರೆಯವರದು. ಸಿದ್ದಲಿಂಗವ್ವ ನೆಗೆಣ್ಣಿಯ ಕೈ ಹಿಡಿದುಕೊಂಡು ಏನೋ ಗೊಣಗುತ್ತಿದ್ದಳು. ನಾನು ಕಂಬಕ್ಕೆ ಹಣೆ ಹಚ್ಚಿ ಪ್ರತಿ ಚೀಟಿಗೂ ಬದಲಾಗುವ ಸಂಭವನೀಯತೆಯನ್ನು ಲೆಕ್ಕ ಹಾಕುತ್ತಿದ್ದೆ. ಹನ್ನೊಂದಕ್ಕೆ ಎರಡು ಎಂಬಲ್ಲಿಗೆ ನನ್ನ ವಿಜ್ಞಾನ ಕೈಕೊಟ್ಟಿತು, ಮನೆದೇವರ ಹೆಸರು ಬಾಯಿಗೆ ಬಂತು.

ಐದನೆಯ ಚೀಟಿಯನ್ನು ಮಲ್ಲೇಶಪ್ಪ ಬಿಚ್ಚಿದ. ಅವನಿಗೆ ಓದಲು ಬರುತ್ತಿರಲಿಲ್ಲ. ಮಲಕಾಜಪ್ಪನ ಮುಂದೆ ಹಿಡಿದ. ಮಲಕಾಜಪ್ಪ ಓದಿ, ತಂಬಿಗೆಯನ್ನೊಮ್ಮೆ ನೋಡಿ, ಮತ್ತೆ ಓದಿದ.

"ರಾಚವ್ವನ ಬಂದ್ಳಲ್ಲೋ ಮಾರಾಯಾ!"

ಈ ಸಲ ನಗೆ ಬೇರೆ ಥರದ್ದಿತ್ತು. ಮಲ್ಲೇಶಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. ಮಡಿವಾಳೆಪ್ಪನಿಗೆ ಕೆಮ್ಮು ಹತ್ತಿತು, ಬಹಳ ಹೊತ್ತು ನಿಲ್ಲಲಿಲ್ಲ. ಆರನೆಯ ಚೀಟಿಯೂ ಎತ್ತಿ ಮುಗಿದ ಮೇಲೆ, ಹೆಸರು ಬಾರದ ಒಂಬತ್ತು ಮಂದಿ ಮುಂದಿನ ವರ್ಷ ಮತ್ತೆ ನಿವೇಶನ ಬಂದರೆ ತಮ್ಮನ್ನೇ ಮೊದಲು ನೋಡಬೇಕು ಎಂದು ಮಲಕಾಜಪ್ಪನಿಂದ ಬರೆಸಿಕೊಂಡರು. ಅದನ್ನು ಬರೆಯಲು ನನ್ನನ್ನು ಮಾತ್ರ ಕರೆಯಲಿಲ್ಲ.

ಮರುದಿನ ಒಂಬತ್ತರ ಮೇಲೆ ರಾಚವ್ವ ಕುಡಗೋಲು ಹಿಡಿದು ಜಾಗ ನೋಡಲು ಹೊರಟಳು. ನಾನೂ ಹೋದೆ. ಮೂವತ್ತು ಅಡಿಗೆ ನಲವತ್ತು ಅಡಿ, ಮುಳ್ಳು ಜಾಲಿ, ಒಂದು ಇರುವೆ ಗೂಡು. ಅವಳು ನಡುವೆ ನಿಂತು ಸುತ್ತ ತಿರುಗಿ ನೋಡಿದಳು. ನಾನು ಉಪಯೋಗಕ್ಕೆ ಬರೋಣವೆಂದು ಬೆರಳು ಒದ್ದೆ ಮಾಡಿ ಗಾಳಿಗೆ ಹಿಡಿದು, ಗಾಳಿ ಪಡುವಣದಿಂದ ಬರುತ್ತಿದೆ, ಒಲೆ ಮೂಡಣ ಮೂಲೆಗೆ ಇರಲಿ ಎಂದೆ.

"ಈಗ ಪಡುವಣದಿಂದ ಬರ್ತೈತಿ. ನಾ ಒಲಿ ಹಚ್ಚೂದು ನಸಿಕಿನ ನಾಕಕ್ಕ. ಆಗ ಗಾಳಿ ಹ್ಯಾಂಗಿರ್ತೈತಿ ಅಂತ ನೋಡೀಯೇನು?"

ನೋಡಿರಲಿಲ್ಲ. ಅವಳು ತನಗೆ ಬೇಕಾದ ಕಡೆ ಮೂರು ಕಲ್ಲು ಹೊತ್ತು ತಂದು ಇಟ್ಟಳು, ಕೂತು ನೋಡಿದಳು, ಒಂದನ್ನು ನಾಲ್ಕು ಬೆರಳು ಈಚೆ ಸರಿಸಿದಳು. ನಾನು ಅದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕೂತೆ.

"ಮ್ಯಾಲ ನಾಕ ತಗಡ ಹಾಕಿಸಿದ್ರ ಸಾಕು. ಗ್ವಾಡಿ ಆಮ್ಯಾಲೆ ಆದೀತು. ಲಗ್ನದಾಗ ಎಂಟನೂರ ರೊಟ್ಟಿ ಆಗಬೇಕು, ಸಚಿನನ ಬೀಗರು ಎಂಥಾವ್ರು ನೀ ನೋಡಿಲ್ಲ, ರೊಟ್ಟಿ ಎಣಿಸಿ ಉಣ್ಣೂ ಮಂದಿ. ಕುಂತ ಏನ್ ಬರೀತಿ? ಆ ಕುಡಗೋಲ ತಗೊಂಡು ಜಾಲಿ ಕಡಿ."